ಅಮೆರಿಕದ ರೈತರು ಬೇಡಿದ್ದೇನು?

ಅಮೆರಿಕ ದೇಶದ ರೈತನೆಂದರೆ ನೂರಾರು ಎಕರೆ ಭೂಮಿಯ ಒಡೆಯ, ಯಂತ್ರಗಳ ಸಹಾಯದಿಂದ ಬೇಸಾಯ ಮಾಡುವ ಭಾಗ್ಯವಂತ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಹೀಗೆ ಭಾವಿಸುವವರಿಗೆ ೧೮೮೯-೯೦ರ ಚಳಿಗಾಲದಲ್ಲಿ ಕ್ಯಾನ್ಸಾಸ್, ನೆಬ್ರಾಸ್ಕ ಮೊದಲಾದ ಪ್ರಾಂತಗಳಲ್ಲಿ ನಡೆದ ಸಂಗತಿ ಆಶ್ಚರ್ಯವನ್ನುಂಟುಮಾಡೀತು. ಆ ವರ್ಷ ಅಲ್ಲಿ ಮುಸುಕಿನ ಜೋಳ ಹುಲುಸಾಗಿ ಬೆಳೆದು ಕಣದಲ್ಲಿ ರಾಶಿ ಬಿದ್ದಿತ್ತು. ಆದರೆ ಅದರ ಧಾರಣೆ ಎಷ್ಟು ಇಳಿದುಹೋಗಿತ್ತೆಂದರೆ, ಜೋಳವನ್ನು ಮಾರಿ ಕಲ್ಲಿದ್ದಲನ್ನು ಕೊಳ್ಳುವುದಕ್ಕಿಂತ ಜೋಳವನ್ನೇ ಒಲೆಗೆ ಹಾಕಿ ಮನೆಯನ್ನು ಬೆಚ್ಚಗಿಟ್ಟುಕೊಳ್ಳುವುದು ಅಗ್ಗವಾಗಿ ಕಂಡಿತು. ಅನೇಕರು ಹಾಗೆಯೇ ಮಾಡಿದರು.

ಅನ್ನವನ್ನು ಬೆಳೆದವನೇ ಅನ್ನವನ್ನು ಸುಡುವಂತಾದದ್ದು ಏತರಿಂದ? ಆ ಕಾಲದ ಅರ್ಥಶಾಸ್ತ್ರಜ್ಞರೂ ಪಟ್ಟಣದ ಪತ್ರಿಕೆಗಳೂ ಕೊಟ್ಟ ಉತ್ತರ ಸುಲಭವಾದದ್ದು: ರೈತರು ಮಿತಿಮೀರಿ ಬೆಳೆದಿದ್ದಾರೆ, ಅನುಭವಿಸಲಿ. ರೈತರು ಈ ಉತ್ತರವನ್ನು ಒಪ್ಪಲಿಲ್ಲ. ೧೮೬೭ರಿಂದ ೧೮೯೬ರವರೆಗೆ, ಹೆಚ್ಚು ಕಡಮೆ ಮೂವತ್ತು ವರ್ಷ, ಅವರು ಸಂಘಗಳನ್ನು ಕಟ್ಟಿದರು, ಶಾಸನಗಳನ್ನು ಮಾಡಿಸಿದರು, ಕೊನೆಗೆ ಸ್ವಂತ ರಾಜಕೀಯ ಪಕ್ಷವೊಂದನ್ನೇ ಸ್ಥಾಪಿಸಿದರು. ಅವರು ಮಂಡಿಸಿದ ಕೋರಿಕೆಗಳ ಪಟ್ಟಿ ಬಹಳ ಉದ್ದ. ಆದರೆ ಅವುಗಳ ಹಿಂದೆ ಇದ್ದ ಮೂಲ ಉದ್ದೇಶ ಒಂದೇ ಎಂದು ನಮಗೆ ತೋರುತ್ತದೆ: ತಾನು ಬೆಳೆದದ್ದನ್ನು ಯಾವಾಗ, ಯಾರಿಗೆ, ಯಾವ ಬೆಲೆಗೆ ಮಾರಬೇಕೆಂಬ ವಿಷಯದಲ್ಲಿ ರೈತನಿಗೂ ಒಂದು ಮಾತು ಇರಬೇಕು. ಹಣ, ರೈಲು, ಉಗ್ರಾಣ, ಈ ಮೂರರಲ್ಲಿ ಯಾವುದೂ ಅವನ ಕೈಯಲ್ಲಿರಲಿಲ್ಲ.

ಮೊದಲು ಅವನ ಸ್ಥಿತಿಯನ್ನು ಸ್ವಲ್ಪ ನೋಡೋಣ. ೧೮೬೨ರ ಹೋಮ್‌ಸ್ಟೆಡ್ ಶಾಸನದ ಮೇರೆಗೆ, ಪಶ್ಚಿಮದ ಬಯಲಿನಲ್ಲಿ ನೆಲೆಸಿ ಐದು ವರ್ಷ ಸಾಗುವಳಿ ಮಾಡಿದ ಕುಟುಂಬಕ್ಕೆ ೧೬೦ ಎಕರೆ ಭೂಮಿ ಅಲ್ಪ ಶುಲ್ಕಕ್ಕೆ ದೊರೆಯುತ್ತಿತ್ತು. (ಆ ಭೂಮಿ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದೆಂಬುದು ಬೇರೆಯೇ ಒಂದು ದುಃಖದ ಕಥೆ.) ಭೂಮಿಯೇನೋ ಪುಕ್ಕಟೆ, ಆದರೆ ನೇಗಿಲು, ಕುದುರೆ, ಬೇಲಿಯ ತಂತಿ, ಬಾವಿ ಇವು ಪುಕ್ಕಟೆಯಲ್ಲ. ಭೂಮಿಯನ್ನೇ ಆಧಾರವಾಗಿ ಬರೆದುಕೊಟ್ಟು ಪೂರ್ವದ ಪಟ್ಟಣಗಳ ಹಣವಂತರಿಂದ ಸಾಲ ತರದೆ ಗತ್ಯಂತರವಿರಲಿಲ್ಲ. ದಕ್ಷಿಣದ ಹತ್ತಿಯ ಪ್ರಾಂತಗಳ ಅವಸ್ಥೆ ಇದಕ್ಕಿಂತ ಕಷ್ಟತರವಾಗಿತ್ತು. ೧೮೬೧ರಿಂದ ೧೮೬೫ರವರೆಗೆ ನಡೆದ ಅಂತಃಕಲಹದಲ್ಲಿ ಅಲ್ಲಿನ ಬ್ಯಾಂಕುಗಳು ನಾಶವಾಗಿದ್ದವು. ಆ ಕಲಹದ ವರ್ಷಗಳಲ್ಲಿ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಹೋಗದೆ ನಮ್ಮ ಧಾರವಾಡದ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂದು, ಯುದ್ಧ ಮುಗಿದ ಕೂಡಲೆ ಕುಸಿದುಬಿದ್ದದ್ದನ್ನು ಬಲ್ಲವರು ಬಲ್ಲರು. ಯುದ್ಧಾನಂತರ ದಕ್ಷಿಣದ ಬಡ ರೈತ, ಬಿಳಿಯನಾಗಲಿ ದಾಸ್ಯದಿಂದ ಆಗತಾನೆ ಬಿಡುಗಡೆ ಹೊಂದಿದ ಕರಿಯನಾಗಲಿ, ಊರಿನ ಅಂಗಡಿಯ ವರ್ತಕನ ಬಳಿಗೆ ಹೋಗಬೇಕಾಯಿತು. ಬಿತ್ತುವುದಕ್ಕೆ ಮುಂಚೆಯೇ ಬರಲಿರುವ ಬೆಳೆಯನ್ನು ಅವನಿಗೆ ಬರೆದುಕೊಟ್ಟು, ವರ್ಷವೆಲ್ಲ ಹಿಟ್ಟು, ಉಪ್ಪು, ಬಟ್ಟೆ, ಗೊಬ್ಬರಗಳನ್ನು ಕಡವಾಗಿ ತರುವುದು ರೂಢಿ. ಅಂಗಡಿಯಲ್ಲಿ ಪ್ರತಿಯೊಂದು ಸಾಮಾನಿಗೂ ಎರಡು ಬೆಲೆ: ನಗದಿಗೆ ಒಂದು, ಉದ್ದರಿಗೆ ಅದಕ್ಕಿಂತ ಬಹಳ ಹೆಚ್ಚಾದ ಮತ್ತೊಂದು. ವರ್ತಕನು ಹತ್ತಿಯನ್ನಲ್ಲದೆ ಬೇರೆ ಬೆಳೆಯನ್ನು ಬೆಳೆಯಗೊಡಿಸನು. ಏಕೆಂದರೆ ಹತ್ತಿಯನ್ನು ಮನೆಯವರು ತಿಂದು ಮುಗಿಸುವಂತಿಲ್ಲ. ಬೆಳೆ ಬಂದ ದಿನ ಹತ್ತಿ ಅವನ ಪಾಲಾಗುತ್ತಿತ್ತು. ಆದರೂ ಲೆಕ್ಕದ ಪುಸ್ತಕದಲ್ಲಿ ಬಾಕಿ ಉಳಿಯುತ್ತಿತ್ತು. ಉಳಿದ ಬಾಕಿಗೆ ಮುಂದಿನ ವರ್ಷದ ಬೆಳೆಯೂ ಅವನಿಗೇ. ನಮ್ಮ ಹಳ್ಳಿಗಳನ್ನು ಕಂಡವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದ ಅಗತ್ಯವಿಲ್ಲ.

ಈ ಮಧ್ಯೆ ಧಾರಣೆಗಳು ಇಳಿಯುತ್ತ ಬಂದವು. ೧೮೮೧ರಲ್ಲಿ ಬುಷೆಲ್ ಒಂದಕ್ಕೆ ಒಂದು ಡಾಲರಿಗೂ ಮಿಕ್ಕಿ ಬಿಕರಿಯಾದ ಗೋಧಿ ೧೮೯೪ರಲ್ಲಿ ಸುಮಾರು ೫೦ ಸೆಂಟಿಗೆ ಬಂದಿತು. ಹತ್ತಿ ಪೌಂಡಿಗೆ ಸುಮಾರು ೫ ಸೆಂಟಿಗೆ ಇಳಿಯಿತು. ಸಾವಿರ ಡಾಲರು ಸಾಲ ಮಾಡಿದ ದಿನ ಸಾವಿರ ಬುಷೆಲಿಗಿಂತ ಕಡಮೆ ಗೋಧಿಯಿಂದ ತೀರಬಹುದಾಗಿದ್ದ ಋಣ, ಹದಿಮೂರು ವರ್ಷಗಳ ಮೇಲೆ ಎರಡು ಸಾವಿರ ಬುಷೆಲ್ ಅಳೆದರೆ ಮಾತ್ರ ತೀರುವಂತಾಯಿತು. ಈ ಕಾಲದಲ್ಲಿ ಬಟ್ಟೆ, ಕಬ್ಬಿಣ, ರೈಲು ಬಾಡಿಗೆ ಇವುಗಳ ದರಗಳೂ ಇಳಿದವೆಂದು ರೈತರ ವಿರೋಧಿಗಳು ಹೇಳುತ್ತಿದ್ದರು. ಅದು ನಿಜ. ಆದರೆ ಸಾಲಪತ್ರದಲ್ಲಿ ಬರೆದ ಅಂಕಿ ಮಾತ್ರ ಇಳಿಯಲಿಲ್ಲ. ರೈತರ ರಾಜಕೀಯವೆಲ್ಲ ಹುಟ್ಟಿದ್ದು ಈ ಒಂದು ವ್ಯತ್ಯಾಸದಿಂದ.

ಅವರ ಮೊದಲನೆಯ ಸಂಘ ರಾಜಕೀಯದ ಸಂಘವಾಗಿರಲಿಲ್ಲ. ವಾಷಿಂಗ್ಟನ್ನಿನ ವ್ಯವಸಾಯ ಇಲಾಖೆಯಲ್ಲಿ ಗುಮಾಸ್ತೆಯಾಗಿದ್ದ ಆಲಿವರ್ ಹಡ್ಸನ್ ಕೆಲ್ಲಿ ಎಂಬಾತನೂ ಅವನ ಮಿತ್ರರೂ ೧೮೬೭ರಲ್ಲಿ ಸ್ಥಾಪಿಸಿದ ‘ಗ್ರೇಂಜ್’ ಎಂಬ ಈ ಸಂಘ, ಒಂಟಿ ಮನೆಗಳಲ್ಲಿ ಬಾಳುವ ರೈತರನ್ನು ಒಂದೆಡೆ ಸೇರಿಸಿ ಅವರಿಗೆ ವಿದ್ಯೆಯನ್ನೂ ವಿನೋದವನ್ನೂ ಒದಗಿಸುವುದಕ್ಕಾಗಿ ಹುಟ್ಟಿತು. ಸ್ತ್ರೀಯರಿಗೂ ಅದರಲ್ಲಿ ಪೂರ್ಣ ಸದಸ್ಯತ್ವವಿತ್ತೆಂಬುದು ಗಮನಿಸತಕ್ಕ ಅಂಶ. ಆದರೆ ರೈತರು ಒಂದೆಡೆ ಸೇರಿದಮೇಲೆ ಬಾಡಿಗೆ ಬೆಲೆಗಳ ಮಾತು ಬಾರದಿರುವುದೆ? ರೈಲ್ವೆ ಕಂಪೆನಿಗಳು ಪೈಪೋಟಿಯಿದ್ದ ದೊಡ್ಡ ಪಟ್ಟಣಗಳ ನಡುವಣ ದೂರದ ಪ್ರಯಾಣಕ್ಕೆ ಕಡಮೆ ಬಾಡಿಗೆಯನ್ನೂ, ಒಂದೇ ಕಂಪೆನಿಯ ಅಧೀನದಲ್ಲಿದ್ದ ಹಳ್ಳಿಯ ನಿಲ್ದಾಣದಿಂದ ಅದರ ಅರ್ಧ ದೂರಕ್ಕೆ ಹೆಚ್ಚು ಬಾಡಿಗೆಯನ್ನೂ ವಸೂಲು ಮಾಡುತ್ತಿದ್ದವು. ಧಾನ್ಯವನ್ನು ಯಂತ್ರದಿಂದ ಮೇಲಕ್ಕೆತ್ತಿ ತುಂಬಿಡುವ ದೊಡ್ಡ ಕಣಜಗಳ ಒಡೆಯರು ತಮಗೆ ಬಂದ ದರವನ್ನು ಗೊತ್ತುಮಾಡುತ್ತಿದ್ದರು. ಗೋಧಿ ಉತ್ತಮವೋ ಮಧ್ಯಮವೋ ಎಂದು ತೀರ್ಮಾನಿಸುವವರೂ ಅವರೇ. ೧೮೭೦ರ ತರುವಾಯ ಇಲ್ಲಿನಾಯ್, ಮಿನೆಸೋಟ, ಅಯೋವ, ವಿಸ್ಕಾನ್ಸಿನ್ ಪ್ರಾಂತಗಳು ಈ ದರಗಳಿಗೆ ಕಟ್ಟು ವಿಧಿಸುವ ಶಾಸನಗಳನ್ನು ಮಾಡಿದವು. ಖಾಸಗಿ ಆಸ್ತಿಯ ಮೇಲೆ ಸರ್ಕಾರದ ಕೈ ಹೇಗೆ ಬರಬಹುದೆಂದು ಚಿಕಾಗೊ ನಗರದ ಕಣಜದ ಒಡೆಯರು ನ್ಯಾಯಾಲಯದಲ್ಲಿ ವಾದಿಸಿದರು. ೧೮೭೭ರಲ್ಲಿ ಪರಮೋಚ್ಚ ನ್ಯಾಯಾಲಯವು ರೈತರ ಪಕ್ಷವಾಗಿ ತೀರ್ಪುಕೊಟ್ಟಿತು. ಸಾರ್ವಜನಿಕರ ಹಿತಕ್ಕೆ ಸಂಬಂಧಿಸಿದ ಉದ್ಯೋಗಕ್ಕೆ ತನ್ನ ಆಸ್ತಿಯನ್ನು ತೊಡಗಿಸಿದವನು ಸಾರ್ವಜನಿಕರ ಹತೋಟಿಗೂ ಒಳಪಡಬೇಕೆಂಬುದು ಅದರ ಸಾರಾಂಶ. ಆದರೆ ೧೮೮೬ರಲ್ಲಿ ಅದೇ ನ್ಯಾಯಾಲಯ, ಪ್ರಾಂತದಿಂದ ಪ್ರಾಂತಕ್ಕೆ ಸಾಗುವ ಸರಕಿನ ಬಾಡಿಗೆಯನ್ನು ಪ್ರಾಂತ ಸರ್ಕಾರ ಗೊತ್ತುಮಾಡಕೂಡದೆಂದು ವಿಧಿಸಿತು. ಇದರ ಫಲವಾಗಿ ಕಾಂಗ್ರೆಸ್ಸು ೧೮೮೭ರಲ್ಲಿ ಅಂತರಪ್ರಾಂತೀಯ ವಾಣಿಜ್ಯ ಮಂಡಲಿಯನ್ನು ಸ್ಥಾಪಿಸಿತು. (ಕಾಂಗ್ರೆಸ್ಸು ಎಂಬುದು ಅಲ್ಲಿನ ಕೇಂದ್ರ ಶಾಸನಸಭೆಯ ಹೆಸರು, ನಮ್ಮ ದೇಶದ ರಾಜಕೀಯ ಸಂಸ್ಥೆಯೊಡನೆ ಅದನ್ನು ಬೆರೆಸಬಾರದು.) ಮೊದಮೊದಲು ಹಲ್ಲಿಲ್ಲದ ಹಾವಿನಂತಿದ್ದ ಆ ಮಂಡಲಿ ಕಾಲಕ್ರಮದಲ್ಲಿ ಬಲಗೊಂಡು ೧೯೯೫ರ ಕೊನೆಯವರೆಗೂ ಬಾಳಿತು.

ಇನ್ನು ಹಣದ ವಿಷಯ. ಇದು ಒಣ ವಿಷಯವೆಂದು ಕೇಳುಗರು ಬೇಸರಪಡಬಾರದು. ಆ ಕಾಲದ ರೈತರು ಹೊಲದ ಬದುವಿನ ಮೇಲೆ ಕುಳಿತು ಇದನ್ನೇ ಚರ್ಚಿಸುತ್ತಿದ್ದರು. ಅಂತಃಕಲಹದ ವೆಚ್ಚಕ್ಕಾಗಿ ಸರ್ಕಾರವು ಚಿನ್ನದ ಆಧಾರವಿಲ್ಲದೆ ‘ಹಸುರು ಬೆನ್ನಿನ’ ಕಾಗದದ ನೋಟುಗಳನ್ನು ಹೊರಡಿಸಿತ್ತು. ಯುದ್ಧ ಮುಗಿದಮೇಲೆ ಮತ್ತೆ ಚಿನ್ನದ ನಾಣ್ಯಕ್ಕೆ ಹಿಂದಿರುಗಬೇಕೆಂದು ಸಂಕಲ್ಪಿಸಿ, ೧೮೭೩ರಲ್ಲಿ ಬೆಳ್ಳಿಯ ಡಾಲರಿನ ಟಂಕನೆಯನ್ನು ಕೈಬಿಟ್ಟಿತು. ೧೮೭೯ರ ಜನವರಿ ೧ರಿಂದ ನೋಟಿಗೆ ಬದಲು ಚಿನ್ನ ಕೊಡಲಾರಂಭಿಸಿತು. ಜನಸಂಖ್ಯೆ ಬೆಳೆಯಿತು, ಉತ್ಪತ್ತಿ ಬೆಳೆಯಿತು, ರೈಲುದಾರಿಗಳು ಬೆಳೆದವು. ಚಿನ್ನ ಮಾತ್ರ ಆ ಪ್ರಮಾಣದಲ್ಲಿ ಬೆಳೆಯಲಿಲ್ಲ. ಹಣ ವಿರಳವಾದರೆ ಅದರ ಬೆಲೆ ಏರುತ್ತದೆ. ಹಣದ ಬೆಲೆ ಏರುವುದೆಂದರೆ ಸರಕಿನ ಬೆಲೆ ಇಳಿಯುವುದೆಂದೇ ಅರ್ಥ. ಸಾಲಕೊಟ್ಟವನಿಗೆ ಇದು ಲಾಭ. ಸಾಲ ತಂದವನಿಗೆ ನಷ್ಟ. ಆದಕಾರಣ ಚಲಾವಣೆಯ ಹಣವನ್ನು ಹೆಚ್ಚಿಸಬೇಕೆಂಬುದು ರೈತರ ಸ್ಥಿರವಾದ ಬೇಡಿಕೆಯಾಯಿತು. ನೋಟುಗಳನ್ನು ಉಳಿಸಿ ಬೆಳೆಸಬೇಕೆಂದು ೧೮೭೬ರಲ್ಲಿಯೇ ‘ಗ್ರೀನ್‌ಬ್ಯಾಕ್’ ಪಕ್ಷವೊಂದು ಅಧ್ಯಕ್ಷ ಚುನಾವಣೆಗೆ ನಿಂತಿತ್ತು.

ಆದರೆ ವರ್ಷಪೂರ್ತಿ ಹಣದ ಕೊರತೆಗಿಂತ ಸುಗ್ಗಿಯ ಕಾಲದ ಕೊರತೆ ರೈತನನ್ನು ಹೆಚ್ಚಾಗಿ ಕೊರೆಯುತ್ತಿತ್ತು. ದೇಶದ ಹತ್ತಿಯೆಲ್ಲ, ಗೋಧಿಯೆಲ್ಲ ಎರಡು ಮೂರು ತಿಂಗಳಲ್ಲಿ ಒಮ್ಮೆಗೇ ಪೇಟೆಗೆ ಬರುತ್ತದೆ. ಅದನ್ನು ಕೊಳ್ಳುವುದಕ್ಕೆ ಬೇಕಾದ ಹಣ ಅಷ್ಟೇ ಇರುತ್ತದೆ. ಬೆಲೆ ತಳಮುಟ್ಟುತ್ತದೆ. ನಾಲ್ಕು ತಿಂಗಳು ಕಾದರೆ ಬೆಲೆ ಏರುವುದೆಂದು ರೈತನಿಗೆ ಚೆನ್ನಾಗಿ ಗೊತ್ತು. ಆದರೆ ಸಾಲದ ವಾಯಿದೆ ಸುಗ್ಗಿಯ ತಿಂಗಳಿಗೇ ಬೀಳುತ್ತದೆ. ಕಾಯಬಲ್ಲವನು ವರ್ತಕ, ಕಾಯಲಾರದವನು ಬೆಳೆದವನು.

ಈ ಗಂಟನ್ನು ಬಿಚ್ಚಲು ಹೊರಟದ್ದು ೧೮೭೦ರ ದಶಕದಲ್ಲಿ ಟೆಕ್ಸಾಸಿನಲ್ಲಿ ಹುಟ್ಟಿ ದಕ್ಷಿಣದಲ್ಲೆಲ್ಲ ಹಬ್ಬಿದ ‘ಫಾರ್ಮರ್ಸ್ ಅಲಯನ್ಸ್’, ಎಂದರೆ ರೈತರ ಕೂಟ. ಅದರ ಮುಖಂಡ ಚಾರಲ್ಸ್ ಮೆಕ್ಯೂನ್ ೧೮೮೭ರಲ್ಲಿ ಡಲ್ಲಾಸ್ ನಗರದಲ್ಲಿ ಸಹಕಾರದ ಒಂದು ಮಹಾಮಳಿಗೆಯನ್ನು ಸ್ಥಾಪಿಸಲು ತೊಡಗಿದನು. ಎಲ್ಲರ ಹತ್ತಿಯನ್ನೂ ಒಟ್ಟಾಗಿ ಮಾರುವುದು, ಎಲ್ಲರಿಗೂ ಬೇಕಾದ ಸಾಮಗ್ರಿಯನ್ನು ಒಟ್ಟಾಗಿ ಕೊಳ್ಳುವುದು, ಸ್ಥಿತಿವಂತ ರೈತನು ಬಡ ರೈತನ ಸಾಲಕ್ಕೆ ಜೊತೆಯಲ್ಲಿ ರುಜು ಹಾಕುವುದು, ಇದು ಅದರ ಕ್ರಮ. ಆದರೆ ಆ ರುಜುಗಳನ್ನು ನಂಬಿ ಹಣ ಕೊಡಲು ಬ್ಯಾಂಕುಗಳು ಒಪ್ಪಲಿಲ್ಲ. ೧೮೮೮ರ ಜೂನ್ ತಿಂಗಳಿನಲ್ಲಿ ಒಂದು ದಿನವನ್ನು ಗೊತ್ತುಮಾಡಿ, ಟೆಕ್ಸಾಸಿನ ಊರೂರುಗಳಲ್ಲಿ ರೈತರು ನೆರೆದು ತಮ್ಮ ಮಳಿಗೆಯನ್ನು ಉಳಿಸಲು ಚಿಲ್ಲರೆ ಕಾಸನ್ನು ಕೂಡಿಹಾಕಿದರು. ಆದರೂ ಮರುವರ್ಷ ಅದು ಮುಚ್ಚಿಹೋಯಿತು.

ಒಂದು ಹೋರಾಟದಲ್ಲಿ ಮಾತ್ರ ಅವರು ಗೆದ್ದರು. ಅದರಲ್ಲಿ ನಮ್ಮ ದೇಶದ ಸಂಬಂಧವೂ ಉಂಟು. ಹತ್ತಿಯ ಅಂಡಿಗೆಗಳನ್ನು ಸುತ್ತುತ್ತಿದ್ದ ಗೋಣಿಯ ಬಟ್ಟೆ ಬಂಗಾಳದ ಸೆಣಬಿನಿಂದ ಆದದ್ದು. ಅಮೆರಿಕದಲ್ಲಿ ಆ ಬಟ್ಟೆಯನ್ನು ನೇಯುತ್ತಿದ್ದ ಗಿರಣಿಯವರು ೧೮೮೮ರಲ್ಲಿ ಒಳಸಂಚಿನಿಂದ ಒಂದುಗೂಡಿ, ಸುಗ್ಗಿಯ ಮುಂದೆ ಅದರ ಬೆಲೆಯನ್ನು ಒಮ್ಮೆಗೇ ಏರಿಸಿಬಿಟ್ಟರು. ರೈತರು ಸೆಣಬನ್ನೇ ಬಹಿಷ್ಕರಿಸಿ, ತಮ್ಮ ಹತ್ತಿಯಿಂದಲೇ ನೇಯಿಸಿದ ದಪ್ಪ ಬಟ್ಟೆಯನ್ನು ಅಂಡಿಗೆಗೆ ಸುತ್ತಿದರು. ಅಟ್ಲಾಂಟ ನಗರದ ವಸ್ತುಪ್ರದರ್ಶನದಲ್ಲಿ ಎರಡು ಜೋಡಿ ವಧೂವರರು ಆ ಒರಟು ಬಟ್ಟೆಯನ್ನೇ ಉಟ್ಟು ವಿವಾಹ ಮಾಡಿಕೊಂಡರು! ಗಿರಣಿಯವರು ಬೆಲೆ ಇಳಿಸಬೇಕಾಯಿತು. ಸ್ವದೇಶೀ ಚಳವಳಿಯ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದು ಪರಿಚಿತವಾದ ದಾರಿಯಾಗಿಯೇ ಕಾಣುತ್ತದೆ.

ಮಳಿಗೆಯ ಸೋಲಿನಿಂದ ಮೆಕ್ಯೂನ್ ಕಲಿತ ಪಾಠವೇನೆಂದರೆ, ಬ್ಯಾಂಕುಗಳ ದಯೆಯನ್ನು ಅವಲಂಬಿಸಿದ ಸಹಕಾರ ನಿಲ್ಲಲಾರದು. ೧೮೮೯ರ ಡಿಸೆಂಬರಿನಲ್ಲಿ ಸೇಂಟ್ ಲೂಯಿ ನಗರದ ಸಮ್ಮೇಳನದಲ್ಲಿ ಅವನು ‘ಉಪಖಜಾನೆ’ ಎಂಬ ಯೋಜನೆಯನ್ನು ಮುಂದಿಟ್ಟನು. ನಮ್ಮ ದೃಷ್ಟಿಯಲ್ಲಿ ಆ ಚಳವಳಿಯ ಅತ್ಯಂತ ಧೀರವಾದ ಆಲೋಚನೆ ಇದೇ. ವರ್ಷಕ್ಕೆ ೫ ಲಕ್ಷ ಡಾಲರಿಗಿಂತ ಹೆಚ್ಚು ಬೆಲೆಯ ಬೆಳೆಯನ್ನು ಮಾರುವ ಪ್ರತಿಯೊಂದು ಜಿಲ್ಲೆಯಲ್ಲಿಯೂ ಸರ್ಕಾರ ಒಂದು ಉಗ್ರಾಣವನ್ನು ಕಟ್ಟಬೇಕು. ರೈತನು ಹತ್ತಿ, ಗೋಧಿ, ಜೋಳ, ಹೊಗೆಸೊಪ್ಪು ಮೊದಲಾದ ಕೆಡದ ಬೆಳೆಗಳನ್ನು ಅಲ್ಲಿಡಬಹುದು. ಇಟ್ಟ ದಿನದ ಬೆಲೆಯ ನೂರಕ್ಕೆ ೮೦ರಷ್ಟನ್ನು ಸರ್ಕಾರ ಹೊಸ ನೋಟುಗಳಲ್ಲಿ ಅವನಿಗೆ ಸಾಲ ಕೊಡಬೇಕು. ಬಡ್ಡಿ ವರ್ಷಕ್ಕೆ ನೂರಕ್ಕೆ ೧. ಒಂದು ವರ್ಷದೊಳಗೆ ತನಗೆ ಬೇಕಾದಾಗ ಅವನು ಬೆಳೆಯನ್ನು ಮಾರಿ ಸಾಲ ತೀರಿಸಬಹುದು. ಸುಗ್ಗಿಯಲ್ಲಿ ಹಣ ಬೇಕಾದಾಗ ನೋಟು ತಾನಾಗಿ ಹೆಚ್ಚುತ್ತದೆ. ಬೆಳೆ ಮಾರಿದ ಹಾಗೆಲ್ಲ ನೋಟು ಖಜಾನೆಗೆ ಹಿಂದಿರುಗಿ ಮಾಯವಾಗುತ್ತದೆ. ಹಣ, ಉಗ್ರಾಣ, ಮಾರಾಟದ ಕಾಲ, ಮೂರೂ ಒಂದೇ ಏರ್ಪಾಡಿನಲ್ಲಿ ಸೇರಿದ್ದವು.

ಈ ಯೋಜನೆಗೆ ಲೋಪಗಳಿಲ್ಲವೆಂದು ನಾವು ಹೇಳೆವು. ಹಾಲು, ಹಣ್ಣು, ಮಾಂಸಗಳನ್ನು ಉತ್ಪತ್ತಿ ಮಾಡುವವನಿಗೆ ಇದರಿಂದ ಪ್ರಯೋಜನವಿಲ್ಲ. ಬೆಳೆಯನ್ನು ಮುಂಚೆಯೇ ವರ್ತಕನಿಗೆ ಬರೆದುಕೊಟ್ಟಿರುವ ಗೇಣಿದಾರನು ಉಗ್ರಾಣದ ಬಾಗಿಲವರೆಗೂ ಬರಲಾರನು. ಎಲ್ಲರೂ ಬೆಲೆ ಏರಲೆಂದು ಕಾದು ಒಂದೇ ಸಲ ಮಾರಹೊರಟರೆ ಬೆಲೆ ಮತ್ತೆ ಬೀಳದಿರದು. ಆದರೆ ಕಾಂಗ್ರೆಸ್ಸು ಈ ದೋಷಗಳನ್ನು ಪರಿಶೀಲಿಸಿ ತಿದ್ದಲಿಲ್ಲ. ಹುಚ್ಚರ ಕನಸೆಂದು ನಕ್ಕು ಬದಿಗೊತ್ತಿತು. ಇರುವ ಎರಡು ಪಕ್ಷಗಳಿಂದಲೂ ತಮ್ಮ ಕಾರ್ಯವಾಗದೆಂದು ರೈತರಿಗೆ ಮನವರಿಕೆಯಾದದ್ದು ಆಗಲೇ.

೧೮೯೨ರ ಜುಲೈ ೪ರಂದು ಒಮಾಹ ನಗರದಲ್ಲಿ ‘ಪೀಪಲ್ಸ್ ಪಾರ್ಟಿ’ ಎಂಬ ಹೊಸ ಪಕ್ಷ ತನ್ನ ಪ್ರಣಾಳಿಕೆಯನ್ನು ಅಂಗೀಕರಿಸಿತು. ಇವರನ್ನೇ ಪಾಪ್ಯುಲಿಸ್ಟರೆಂದು ಕರೆಯುವುದು. ಉಪಖಜಾನೆ ಅಥವಾ ಅದಕ್ಕಿಂತ ಮೇಲಾದ ಏರ್ಪಾಡು. ತಲೆಗೆ ೫೦ ಡಾಲರಿಗೆ ಕಡಮೆಯಿಲ್ಲದಷ್ಟು ಹಣದ ಚಲಾವಣೆ, ಆಗ ಇದ್ದದ್ದು ಅದರ ಅರ್ಧದಷ್ಟು. ೧೬ ಭಾಗ ಬೆಳ್ಳಿಗೆ ೧ ಭಾಗ ಚಿನ್ನವೆಂಬ ಪ್ರಮಾಣದಲ್ಲಿ ಬೆಳ್ಳಿಯ ಅನಿರ್ಬಂಧ ಟಂಕನೆ. ಆದಾಯ ಹೆಚ್ಚಿದಂತೆ ದರವೂ ಹೆಚ್ಚುವ ವರಮಾನ ತೆರಿಗೆ. ಅಂಚೆಕಚೇರಿಯ ಉಳಿತಾಯ ಬ್ಯಾಂಕು. ರೈಲ್ವೆ, ತಂತಿ, ಟೆಲಿಫೋನುಗಳಿಗೆ ಸರ್ಕಾರದ ಒಡೆತನ. ರೈಲ್ವೆ ಕಂಪೆನಿಗಳು ಆವಶ್ಯಕತೆಗೆ ಮೀರಿ ಹಿಡಿದಿದ್ದ ಭೂಮಿಯನ್ನು ಹಿಂದಕ್ಕೆ ಪಡೆಯುವುದು, ಇವು ಅದರ ಮುಖ್ಯ ಬೇಡಿಕೆಗಳು. ರಹಸ್ಯ ಮತದಾನ, ಸೆನೆಟ್ ಸದಸ್ಯರನ್ನು ಜನರೇ ನೇರವಾಗಿ ಚುನಾಯಿಸುವುದು ಮೊದಲಾದವನ್ನೂ ನಿರ್ಣಯಗಳಲ್ಲಿ ಸೇರಿಸಿದರು. ಆ ವರ್ಷದ ಚುನಾವಣೆಯಲ್ಲಿ ಅವರ ಅಭ್ಯರ್ಥಿ ಜೇಮ್ಸ್ ವೀವರನಿಗೆ ಹತ್ತು ಲಕ್ಷಕ್ಕೂ ಹೆಚ್ಚು ಮತಗಳೂ ೨೨ ಚುನಾಯಕ ಮತಗಳೂ ಬಂದವು. ಹೊಸ ಪಕ್ಷಕ್ಕೆ ಇದು ಅಲ್ಪವಲ್ಲ.

ಚಳವಳಿಯ ಒಳಗಣ ಬಿರುಕನ್ನು ಮರೆಮಾಚುವುದು ಸರಿಯಲ್ಲ. ದಕ್ಷಿಣದ ರೈತರ ಕೂಟ ಕರಿಯರನ್ನು ಸದಸ್ಯರನ್ನಾಗಿ ಸೇರಿಸಲಿಲ್ಲ. ಅವರು ೧೮೮೬ರಲ್ಲಿ ಬೇರೆಯೇ ಕೂಟವನ್ನು ಕಟ್ಟಿಕೊಂಡರು. ೧೮೯೧ರಲ್ಲಿ ಹತ್ತಿ ಬಿಡಿಸುವ ಕರಿಯ ಕೂಲಿಗಾರರು ೧೦೦ ಪೌಂಡಿಗೆ ಒಂದು ಡಾಲರು ಕೂಲಿ ಬೇಕೆಂದು ಮುಷ್ಕರ ಹೂಡಲೆತ್ನಿಸಿದಾಗ, ಬಿಳಿಯ ಕೂಟದ ಅಧ್ಯಕ್ಷನಾದ ಲಿಯೊನಿಡಾಸ್ ಪೋಕ್ ಅದನ್ನು ವಿರೋಧಿಸಿದನು. ಆರ್ಕನ್ಸಾ ಪ್ರಾಂತದಲ್ಲಿ ಮುಷ್ಕರಗಾರರು ಹಲವರು ಕೊಲೆಯಾದರು. ಸಾಹುಕಾರನೆದುರು ಸಾಲಗಾರನಾಗಿದ್ದ ಬಿಳಿಯ ರೈತನು ಕೂಲಿಯವನೆದುರು ತಾನೇ ಧಣಿಯಾಗಿದ್ದನು. ಜಾರ್ಜಿಯದ ಟಾಮ್ ವಾಟ್ಸನ್, ಬಡವರಾದ ಬಿಳಿಯರೂ ಕರಿಯರೂ ಬೇರೆಬೇರೆಯಾಗಿ ಸುಲಿಗೆಗೊಳ್ಳಲೆಂದೇ ಅವರಲ್ಲಿ ದ್ವೇಷವನ್ನು ಬೆಳೆಸಲಾಗಿದೆಯೆಂದು ೧೮೯೨ರಲ್ಲಿ ಸಾರಿ, ಇಬ್ಬರ ಮತವನ್ನೂ ಕೋರಿದನು. ಅದೇ ವಾಟ್ಸನ್ ಹದಿನೈದು ವರ್ಷ ಕಳೆಯುವುದರೊಳಗಾಗಿ ಕರಿಯರ ಮತದಾನದ ಹಕ್ಕನ್ನು ಕಸಿಯುವವರ ಪಕ್ಷವಹಿಸಿದನು.

ಚಳವಳಿಯ ರಾಜಕೀಯ ಶಕ್ತಿಯನ್ನು ಮುಗಿಸಿದ್ದು ಬೆಳ್ಳಿ. ಇಲ್ಲಿ ಮತ್ತೆ ಇಂಡಿಯಾ ದೇಶವನ್ನು ನೆನೆಯಬೇಕಾಗುತ್ತದೆ. ನಮ್ಮ ರೂಪಾಯಿ ಆಗ ಬೆಳ್ಳಿಯದಾಗಿತ್ತು. ಬೆಳ್ಳಿಯ ಬೆಲೆ ಇಳಿದು, ೧೮೭೦ರ ಸುಮಾರಿಗೆ ೨ ಷಿಲ್ಲಿಂಗಿನ ಹತ್ತಿರವಿದ್ದ ರೂಪಾಯಿ ೧೮೯೨-೯೩ರ ವೇಳೆಗೆ ೧ ಷಿಲ್ಲಿಂಗು ೩ ಪೆನ್ನಿಗೆ ಬಂದಿತ್ತು. ಇದರಿಂದ ಪಂಜಾಬಿನ ಗೋಧಿ ಲಿವರ್‌ಪೂಲಿನಲ್ಲಿ ಅಗ್ಗವಾಗಿ ಬಿಕರಿಯಾಗಿ ತಮ್ಮ ಗೋಧಿಯ ಬೆಲೆಯನ್ನು ಕೆಡಿಸುತ್ತಿದೆಯೆಂದು ಅಮೆರಿಕದ ಬೆಳ್ಳಿಯ ಪಕ್ಷದವರು ವಾದಿಸುತ್ತಿದ್ದರು. ಲಂಡನ್ನಿಗೆ ಚಿನ್ನದಲ್ಲಿ ಸಲ್ಲಿಸಬೇಕಾದ ಹಣದ ಭಾರ ರೂಪಾಯಿ ಲೆಕ್ಕದಲ್ಲಿ ಏರುತ್ತ ಹೋದುದರಿಂದ, ಇಂಡಿಯಾ ಸರ್ಕಾರವು ೧೮೯೩ರ ಜೂನ್ ೨೬ರಂದು ತನ್ನ ಟಂಕಶಾಲೆಗಳನ್ನು ಜನರ ಬೆಳ್ಳಿಗೆ ಮುಚ್ಚಿತು. ಬೆಳ್ಳಿಯ ಬೆಲೆ ಕೆಲವೇ ದಿನಗಳಲ್ಲಿ ಕುಸಿಯಿತು. ಆಗಲೇ ಆರ್ಥಿಕ ಗಾಬರಿಗೆ ಸಿಕ್ಕಿದ್ದ ಅಮೆರಿಕದಲ್ಲಿ ಅಧ್ಯಕ್ಷ ಕ್ಲೀವ್‌ಲೆಂಡನು ಕೂಡಲೆ ಕಾಂಗ್ರೆಸ್ಸಿನ ವಿಶೇಷ ಅಧಿವೇಶನವನ್ನು ಕರೆದು, ಸರ್ಕಾರ ಬೆಳ್ಳಿಯನ್ನು ಕೊಳ್ಳಬೇಕೆಂದಿದ್ದ ೧೮೯೦ರ ಶಾಸನವನ್ನು ರದ್ದುಮಾಡಿಸಿದನು. ಕಲ್ಕತ್ತ, ಬೊಂಬಾಯಿಗಳ ಟಂಕಶಾಲೆಯ ಬಾಗಿಲು ಮುಚ್ಚಿದ ಸದ್ದು ಕ್ಯಾನ್ಸಾಸಿನ ಹೊಲಗಳವರೆಗೂ ಕೇಳಿಸಿತು.

ಬೆಳ್ಳಿಯ ಕೂಗು ಸರಳವಾದದ್ದು. ಉಪಖಜಾನೆಯಂತೆ ಅದಕ್ಕೆ ವ್ಯಾಖ್ಯಾನ ಬೇಕಿರಲಿಲ್ಲ. ಪಶ್ಚಿಮದ ಬೆಳ್ಳಿಗಣಿಗಳ ಒಡೆಯರ ಹಣವೂ ಅದರ ಹಿಂದೆ ಇತ್ತು. ೧೮೯೬ರಲ್ಲಿ ಡೆಮೊಕ್ರಾಟಿಕ್ ಪಕ್ಷವು ೩೬ ವರ್ಷದ ವಾಗ್ಮಿ ವಿಲಿಯಂ ಜೆನಿಂಗ್ಸ್ ಬ್ರಯನ್ನನನ್ನು ಬೆಳ್ಳಿಯ ಹೆಸರಿನಲ್ಲಿ ನಿಲ್ಲಿಸಿತು. ಪಾಪ್ಯುಲಿಸ್ಟರು ಬಹಳ ವಾಗ್ವಾದದ ಮೇಲೆ ಅವನನ್ನೇ ತಮ್ಮ ಅಭ್ಯರ್ಥಿಯೆಂದು ಒಪ್ಪಿದರು. (ಈ ಬ್ರಯನ್ ೧೯೦೬ರಲ್ಲಿ ಇಂಡಿಯಾ ದೇಶದಲ್ಲಿ ಸಂಚರಿಸಿ, ಇಲ್ಲಿನ ಬ್ರಿಟಿಷ್ ಆಡಳಿತವನ್ನು ಖಂಡಿಸಿ ಬರೆದನು.) ಉಗ್ರಾಣವೂ ರೈಲ್ವೆಯೂ ಹಿಂದೆ ಸರಿದವು, ಬೆಳ್ಳಿಯೊಂದೇ ಮುಂದೆ ನಿಂತಿತು. ಪೇಟೆಯಲ್ಲಿ ಬೆಳ್ಳಿ ಚಿನ್ನಗಳ ಪ್ರಮಾಣ ಆಗ ಸುಮಾರು ೩೦ಕ್ಕೆ ೧ ಇದ್ದುದರಿಂದ, ೧೬ಕ್ಕೆ ೧ರಂತೆ ಟಂಕಿಸಿದ ಡಾಲರಿನಲ್ಲಿ ಅರ್ಧ ಡಾಲರಿನ ಬೆಳ್ಳಿಯೇ ಇರುವುದೆಂದು ವಿರೋಧಿಗಳು ಕೂಲಿಗಾರರನ್ನು ಹೆದರಿಸಿದರು. ಕೂಲಿಯಲ್ಲಿ ಬದುಕುವ ಪಟ್ಟಣಿಗನಿಗೆ ಅಗ್ಗದ ಹಣವೆಂದರೆ ದುಬಾರಿಯ ಅನ್ನ. ಬ್ರಯನ್ನನಿಗೆ ಸುಮಾರು ೬೫ ಲಕ್ಷ ಮತಗಳು, ಮೆಕಿನ್ಲಿಗೆ ಸುಮಾರು ೭೧ ಲಕ್ಷ. ಪಾಪ್ಯುಲಿಸ್ಟ್ ಪಕ್ಷ ಮತ್ತೆ ತಲೆಯೆತ್ತಲಿಲ್ಲ.

ತರುವಾಯ ನಡೆದದ್ದು ವಿಚಿತ್ರವಾಗಿದೆ. ದಕ್ಷಿಣ ಆಫ್ರಿಕದಲ್ಲಿಯೂ ಕ್ಲಾಂಡೈಕಿನಲ್ಲಿಯೂ ಚಿನ್ನ ಹೇರಳವಾಗಿ ದೊರೆತು, ಬೆಳ್ಳಿ ಮಾಡಬೇಕಾಗಿದ್ದ ಕೆಲಸವನ್ನು ಚಿನ್ನವೇ ಮಾಡಿತು, ಧಾರಣೆಗಳು ಏರಿದವು. ಅಂಚೆಯ ಉಳಿತಾಯ ಬ್ಯಾಂಕಿಗೆ ೧೯೧೦ರಲ್ಲಿ ಶಾಸನವಾಯಿತು. ೧೯೧೩ರಲ್ಲಿ ರಾಜ್ಯಾಂಗಕ್ಕೆ ಎರಡು ತಿದ್ದುಪಡಿಗಳಾಗಿ ವರಮಾನ ತೆರಿಗೆಯೂ ಸೆನೆಟ್ ಸದಸ್ಯರ ನೇರ ಚುನಾವಣೆಯೂ ಬಂದವು. ರೈಲ್ವೆಗಳು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸ್ವಲ್ಪ ದಿನ ಸರ್ಕಾರದ ಕೈಗೆ ಬಂದು ೧೯೨೦ರಲ್ಲಿ ಕಂಪೆನಿಗಳಿಗೆ ಹಿಂದಿರುಗಿದವು. ಉಪಖಜಾನೆಯಂತೂ ೪೦ ವರ್ಷಕ್ಕೂ ಹೆಚ್ಚು ಕಾಲ ಮೂಲೆಯಲ್ಲಿ ಬಿದ್ದಿತ್ತು. ೧೯೩೩ರಲ್ಲಿ, ಮತ್ತೊಂದು ಮಹಾ ಆರ್ಥಿಕ ಕುಸಿತದ ನಡುವೆ, ಅಧ್ಯಕ್ಷ ರೂಸ್‌ವೆಲ್ಟನ ಸರ್ಕಾರ ಒಂದು ಸಾಲದ ನಿಗಮವನ್ನು ಸ್ಥಾಪಿಸಿ, ಉಗ್ರಾಣದಲ್ಲಿಟ್ಟ ಹತ್ತಿ ಜೋಳಗಳ ಆಧಾರದ ಮೇಲೆ ರೈತರಿಗೆ ಹಣ ಕೊಡಲಾರಂಭಿಸಿತು. ಬೆಲೆ ಏರಿದರೆ ರೈತ ಬೆಳೆಯನ್ನು ಬಿಡಿಸಿಕೊಂಡು ಮಾರಬಹುದು. ಏರದಿದ್ದರೆ ಬೆಳೆಯನ್ನು ಸರ್ಕಾರಕ್ಕೆ ಒಪ್ಪಿಸಿ ಸಾಲದಿಂದ ಮುಕ್ತನಾಗಬಹುದು. ಮೆಕ್ಯೂನ್ ಸಹ ಇಷ್ಟನ್ನು ಕೇಳಿರಲಿಲ್ಲ.